ಜಿಪ್ಸಿಯಲ್ಲಿ ನಿಧಾನಕ್ಕೆ ಕಲ್ಲು ಹತ್ತಬೇಕು: ಇಂಜಿನ್ ಬದಲಿಸೋದಾ, ಲೋ ಗೇರ್ ಇಳಿಸೋದಾ?

ಮೂಡಿಗೆರೆ_ಜಿಪ್ಸಿ

ಎಲ್ಲರಿಗೂ ನಮಸ್ಕಾರ. ನನ್ನದು ಮಾರುತಿ ಜಿಪ್ಸಿ ಕಿಂಗ್, ಎಂಜಿ413ಡಬ್ಲ್ಯೂ, ಎಂಪಿಎಫ್‌ಐ ಇಂಜಿನ್. ಇಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ, ಹೈ ಲೋ ಗೇರ್ ಇರೋ ಪೆಟ್ಟಿಗೆ), ಆಕ್ಸಲ್ ಹೌಸಿಂಗ್ ಎಲ್ಲ ಕಂಪನಿಯದೇ. ಟೈರ್ ಮಾತ್ರ ಬದಲಾಗಿದೆ, ಈಗಿರೋದು 30×9.5 ಆರ್15. ಅದಕ್ಕೆ ತಕ್ಕಷ್ಟು ಗಾಡಿ ಎತ್ತರಿಸಿದ್ದೂ ಆಗಿದೆ.

ನಮ್ಮ ತೋಟದ ಮೇಲ್ಗಡೆಯಿಂದ ಗುಡ್ಡದ ನೆತ್ತಿಗೆ ಒಂದು ಹಳೆಯ ದಾರಿ ಇದೆ. ಜಾಗ ನಮ್ಮದೇ. ಮಳೆ ನೀರು ಹರಿದೂ ಹರಿದೂ ಮಣ್ಣೆಲ್ಲ ಕೊಚ್ಚಿಹೋಗಿ ಈಗ ಬರೀ ಬಂಡೆ ಉಳಿದಿದೆ. ಮೆಟ್ಟಿಲಿನ ಹಾಗೆ ಒಂದರ ಮೇಲೊಂದು, ಕೆಲವು ಮೊಣಕಾಲೆತ್ತರ. ಲೋ ಫಸ್ಟ್‌ನಲ್ಲಿ (ಟ್ರಾನ್ಸ್‌ಫರ್ ಕೇಸ್ ಲೋ, ಗೇರ್ ಫಸ್ಟ್) ಹೋಗ್ತೇನೆ. ಚಕ್ರ ಕಲ್ಲಿಗೆ ತಾಗಿದ ಕೂಡಲೇ ಇಂಜಿನ್ ಉಸಿರು ಕಟ್ಟುತ್ತದೆ. ಆಫ್ ಆಗಬಾರದು ಅಂತ ಹಾಫ್ ಕ್ಲಚ್ ಹಿಡಿದು ರೇಸ್ ಕೊಟ್ಟರೆ ಗಾಡಿ ನೆಗೆದು ಮುಂದಿನ ಕಲ್ಲಿಗೆ ಬಡಿಯುತ್ತದೆ. ಜೊತೆಗೆ ಕ್ಲಚ್ ಸುಟ್ಟ ವಾಸನೆ.

ಊರಿನ ಮೆಕ್ಯಾನಿಕ್ ಡೀಸೆಲ್ ಇಂಜಿನ್ ಕೂರಿಸೋಣ ಅಂತಾರೆ. ಸ್ನೇಹಿತರೊಬ್ಬರು ಹಿಂದಿನ ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡೋ ಗೇರ್) ವೆಲ್ಡ್ ಮಾಡಿಸು, ಎಲ್ಲ ಸರಿಹೋಗುತ್ತೆ ಅಂತಾರೆ. ನನಗೆ ವೇಗ ಬೇಡ. ನಡೆಯೋ ಮನುಷ್ಯನಿಗಿಂತ ನಿಧಾನಕ್ಕೆ, ಒಂದೊಂದೇ ಕಲ್ಲನ್ನು ನೋಡಿಕೊಂಡು ಹತ್ತಬೇಕು. ಎಲ್ಲಿಂದ ಶುರು ಮಾಡಲಿ?

ಹಳೇಜೀಪು_ಶಿವಮೊಗ್ಗ

ಇಂಜಿನ್ ಮುಟ್ಟಬೇಡಿ ಸರ್. ಕೊಡಚಾದ್ರಿಗೆ ಜನ ಹತ್ತಿಸುವ ಜೀಪುಗಳನ್ನು ನೋಡಿ. ಅವುಗಳ ಇಂಜಿನ್‌ನಲ್ಲಿ ಅಂಥ ಮಹಾ ಶಕ್ತಿ ಏನೂ ಇಲ್ಲ. ಗೇರಿಂಗ್ ಸರಿಯಾಗಿದೆ, ಡ್ರೈವರಿಗೆ ದಾರಿ ಗೊತ್ತಿದೆ, ಅಷ್ಟೇ. ಹಳೆಯ ಸಿಜೆ 3ಬಿ ಜೀಪಿನ ಲೆಕ್ಕ ಹೇಳ್ತೀನಿ: ಫಸ್ಟ್ ಗೇರ್ 2.798, ಟ್ರಾನ್ಸ್‌ಫರ್ ಲೋ 2.46, ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಕೊನೆಯ ಗೇರ್) 5.38. ಮೂರನ್ನೂ ಗುಣಿಸಿದರೆ 37. ಬರೀ ಮೂರು ಗೇರಿನ ಆ ಕಾಲದ ಗಾಡಿಗೆ ಇದು ಸಣ್ಣ ಮಾತಲ್ಲ.

ಗೇರ್‌ಪೆಟ್ಟಿಗೆ

ಶಿವಮೊಗ್ಗದವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಆ ಗುಣಾಕಾರಕ್ಕೆ ಕ್ರಾಲ್ ರೇಶಿಯೋ ಅಂತಾರೆ. ಚಕ್ರ ಒಂದು ಸುತ್ತು ಬರೋದಕ್ಕೆ ಇಂಜಿನ್ ಎಷ್ಟು ಸುತ್ತು ಸುತ್ತಬೇಕು ಅನ್ನೋದೇ ಅದು. ಅಂಕಿ ದೊಡ್ಡದಾದಷ್ಟೂ ಗೇರ್ ಕೆಳಗಿನದು, ಗಾಡಿ ನಿಧಾನ.

ನಿಮ್ಮ ಗಾಡಿಯದು: ಫಸ್ಟ್ 3.652, ಲೋ 2.268, ಕ್ರೌನ್ ಪಿನಿಯನ್ 3.727. ಗುಣಿಸಿದರೆ 30.9. ಹಳೇ ಜೀಪಿಗಿಂತ ಕಡಿಮೆ. ಅದರ ಮೇಲೆ ನೀವು ದೊಡ್ಡ ಟೈರ್ ಹಾಕಿದ್ದೀರಿ. ಕಂಪನಿ ಟೈರ್ 205/70 ಆರ್15, ಅಡ್ಡಳತೆ ಸುಮಾರು 668 ಮಿಮೀ. ಈಗಿನದು 762. ಅಂದರೆ 14 ಶೇಕಡಾ ದೊಡ್ಡದು. ಹಳೆಯ ಟೈರಿನ ಲೆಕ್ಕದಲ್ಲಿ ನಿಮ್ಮ 30.9 ಈಗ 27ಕ್ಕೆ ಇಳಿದಿದೆ. ಕಲ್ಲಿನ ಬುಡದಲ್ಲಿ ಇಂಜಿನ್ ಉಸಿರು ಕಟ್ಟೋದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಇಂಜಿನ್ನಿನ ಸ್ವಭಾವ. 1298 ಸಿಸಿ ಪೆಟ್ರೋಲ್, 103 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ), ಅದೂ 4500 ಆರ್‌ಪಿಎಂನಲ್ಲಿ. 800ರಲ್ಲಿ ಅದರ ಬಳಿ ಹೇಳಿಕೊಳ್ಳುವಂಥದ್ದು ಏನೂ ಇರಲ್ಲ. ಹಾಗಾಗಿ ನೀವು ರೇಸ್ ಕೊಡಲೇಬೇಕು. ರೇಸ್ ಕೊಟ್ಟರೆ ವೇಗ ಬರುತ್ತದೆ. ವೇಗ ಬೇಡ ಅಂದರೆ ಕ್ಲಚ್ ಜಾರಿಸಬೇಕು. ವಾಸನೆ ಅಲ್ಲಿಂದ ಬರ್ತಿರೋದು.

ಈಗ ವೇಗದ ಲೆಕ್ಕ. ನಿಮ್ಮ ಟೈರಿನ ಸುತ್ತಳತೆ 2.39 ಮೀಟರ್. ಇಂಜಿನ್ 800ರಲ್ಲಿ ಸುತ್ತುತ್ತಿದೆ, ಕಾಲು ಪೆಡಲ್ ಮೇಲೆ ಇಲ್ಲ ಅಂದುಕೊಳ್ಳಿ. ಚಕ್ರ ನಿಮಿಷಕ್ಕೆ 26 ಸುತ್ತು, ಗಾಡಿ ಗಂಟೆಗೆ 3.7 ಕಿಮೀ. ನಿಧಾನ ಅನ್ನಿಸುತ್ತೆ, ಅಲ್ವಾ? ಆದರೆ ಸೆಕೆಂಡಿಗೆ ಒಂದು ಮೀಟರ್ ಆಯ್ತು ಅದು. ಮೊಣಕಾಲೆತ್ತರದ ಬಂಡೆಗೆ ಆ ವೇಗದಲ್ಲಿ ಮುಂದಿನ ಚಕ್ರ ತಾಗಿದರೆ ಪೆಟ್ಟು ಬಿದ್ದ ಹಾಗೇ. ಲೋ ಗೇರನ್ನು ಇನ್ನೂ ಇಳಿಸಿದರೆ ಇದೇ 800ರಲ್ಲಿ ಗಂಟೆಗೆ 2 ಕಿಮೀ ಸಿಗುತ್ತೆ. ಕ್ಲಚ್ ಪೂರ್ತಿ ಬಿಟ್ಟು ಸುಮ್ನೆ ಕೂತರೂ ಗಾಡಿ ತಾನೇ ಹತ್ತುತ್ತೆ.

ಡೀಸೆಲ್ ಇಂಜಿನ್ ಕೆಳಗಿನ ಆರ್‌ಪಿಎಂನಲ್ಲಿ ಚೆನ್ನಾಗಿ ಎಳೆಯುತ್ತೆ, ಒಪ್ಪುತ್ತೇನೆ. ಆದರೆ ಮೂತಿಯ ಮೇಲೆ ಭಾರ ಜಾಸ್ತಿ ಬೀಳುತ್ತೆ, ಗೇರ್‌ಬಾಕ್ಸಿಗೆ ಹೊಂದಿಸೋ ತಲೆನೋವು ಇದೆ. ಇಷ್ಟೆಲ್ಲ ಮಾಡಿದ ಮೇಲೂ 30.9 ಹಾಗೇ ಉಳಿಯುತ್ತೆ.

ಮೂಡಿಗೆರೆ_ಜಿಪ್ಸಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಸರ್. ಹಾಗಾದರೆ ಎಲ್ಲಿ ಇಳಿಸೋದು? ಕ್ರೌನ್ ಪಿನಿಯನ್ ಬದಲಿಸೋದಾ, ಟ್ರಾನ್ಸ್‌ಫರ್ ಕೇಸ್ ಒಳಗಿನ ಗೇರಾ?

ಸ್ಯಾಕ್ರಮೆಂಟೊ_ಕನ್ನಡಿಗ

ಟ್ರಾನ್ಸ್‌ಫರ್ ಕೇಸ್. ಕಣ್ಣು ಮುಚ್ಚಿ ಹೇಳ್ತೀನಿ.

ನಿಮ್ಮ ಜಿಪ್ಸಿಯ ಜಾತಿಯದೇ ಸುಜುಕಿ ಗಾಡಿ ಅಮೆರಿಕದಲ್ಲಿ ಸಮುರಾಯ್ ಅನ್ನೋ ಹೆಸರಲ್ಲಿ ಮಾರಾಟ ಆಗ್ತಿತ್ತು. ಈಗಲೂ ಇಲ್ಲಿ ಕಲ್ಲು ಹತ್ತೋ ಜನಕ್ಕೆ ಅದರ ಮೇಲೆ ಪ್ರಾಣ. ಯಾಕೆ ಗೊತ್ತಾ? ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಪ್ರತ್ಯೇಕವಾಗಿ ಚಾಸಿಸ್‌ಗೆ ನೇತುಹಾಕಿದ್ದಾರೆ, ನಡುವೆ ಒಂದು ಗಿಡ್ಡ ಶಾಫ್ಟ್. ಗೇರ್‌ಬಾಕ್ಸ್ ಮುಟ್ಟದೇ ಕೇಸ್ ಒಂದನ್ನೇ ಇಳಿಸಿ ಬಿಚ್ಚಬಹುದು. ಒಳಗೆ ಚೈನ್ ಇಲ್ಲ, ಪೂರ್ತಿ ಗೇರ್. ಅದಕ್ಕೇ ಅಂತಲೇ ಗೇರ್ ಸೆಟ್‌ಗಳು ಬರುತ್ತವೆ: 4.16, 4.9, 6.5 ಹೀಗೆ. ಕಂಪನಿಯ 2.268 ಜಾಗದಲ್ಲಿ ಇವು ಕೂರುತ್ತವೆ. ನಿಮ್ಮ ಗಾಡಿಗೆ ಗುಣಿಸಿ ನೋಡಿ:

4.16 ಹಾಕಿದರೆ 56.6
4.9 ಹಾಕಿದರೆ 66.7
6.5 ಹಾಕಿದರೆ 88.5

ಹೋಲಿಕೆಗೆ ಹೇಳ್ತೀನಿ, ಜೀಪ್ ರ‍್ಯಾಂಗ್ಲರ್ ರುಬಿಕಾನ್ ಜೆಎಲ್ ಮ್ಯಾನ್ಯುಯಲ್ 84, ಆಟೋಮ್ಯಾಟಿಕ್ 77. ಕಲ್ಲು ಹತ್ತಲಿಕ್ಕೆ ಅಂತಲೇ ಕಾರ್ಖಾನೆಯಿಂದ ಬರೋ ಗಾಡಿ ಅದು, ಅದರ ಟ್ರಾನ್ಸ್‌ಫರ್ ಲೋ 4ಕ್ಕೆ 1.

ಕ್ರೌನ್ ಪಿನಿಯನ್ ಬದಲಿಸಿದರೆ ಎರಡು ತೊಂದರೆ. ಮುಂದೆ ಹಿಂದೆ ಎರಡನ್ನೂ ಒಂದೇ ರೇಶಿಯೋಗೆ ತರಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಒಂದಕ್ಕೊಂದು ಜಗ್ಗಾಡುತ್ತವೆ. ಜೊತೆಗೆ ಟಾರ್ ರಸ್ತೆಯಲ್ಲೂ ಗಾಡಿ ಅರಚುತ್ತೆ. ಟ್ರಾನ್ಸ್‌ಫರ್ ಲೋ ಇಳಿಸಿದರೆ ಪರಿಣಾಮ ಬಹುಪಾಲು ಲೋದಲ್ಲಿ ಮಾತ್ರ. 4.16 ಸೆಟ್‌ನಲ್ಲಿ ಹೈ ಕೂಡ ಸುಮಾರು 12 ಶೇಕಡಾ ಇಳಿಯುತ್ತೆ. ನಿಮ್ಮ ಟೈರ್ 14 ಶೇಕಡಾ ದೊಡ್ಡದಾಗಿದೆಯಲ್ಲ, ಅದಕ್ಕೆ ಇದು ಸರಿಹೋಯ್ತು. ರಸ್ತೆ ಮೇಲೆ ಹೆಚ್ಚುಕಡಿಮೆ ಕಂಪನಿ ಗಾಡಿಯ ಹಾಗೇ ಓಡುತ್ತೆ.

ಇಲ್ಲಿ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ರುಬಿಕಾನ್ ಟ್ರೇಲ್ ಅಂತ ದಾರಿ ಇದೆ, ಟಾಹೋ ಸರೋವರದ ಕಡೆ ಇಳಿಯುತ್ತೆ. ಉದ್ದಕ್ಕೂ ಗ್ರಾನೈಟ್ ಗುಂಡುಗಳು. 1953ರಿಂದ ಅಲ್ಲಿ ಜೀಪುಗಳ ಜಾತ್ರೆ ನಡೀತಾ ಇದೆ. ದೊಡ್ಡ ವಿ8 ಗಾಡಿಗಳು ಕಲ್ಲಿನ ಮಧ್ಯೆ ಕೂತು ಕಿರುಚುತ್ತಿರುವಾಗ ಚಿಕ್ಕ ಸಮುರಾಯ್ ಟಕ ಟಕ ಅಂತ ಪಕ್ಕದಲ್ಲೇ ಹತ್ತಿಕೊಂಡು ಹೋಗೋದನ್ನ ಕಣ್ಣಾರೆ ಕಂಡಿದ್ದೇನೆ. 1.3 ಲೀಟರ್ ಇಂಜಿನ್ ಸಾಕು. ಗೇರ್ ಬೇಕು.

ಕೊಡಗು_ಕಲ್ಲುದಾರಿ

ಸ್ಯಾಕ್ರಮೆಂಟೊ ಸರ್ ಹೇಳಿದ್ದು ಸರಿ, ಆದರೆ ಅಲ್ಲಿನ ಕಲ್ಲು ಬೇರೆ, ನಮ್ಮ ಕಲ್ಲು ಬೇರೆ. ಒಣ ಗ್ರಾನೈಟ್ ಟೈರನ್ನು ಕಚ್ಚಿ ಹಿಡಿಯುತ್ತೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆ ಮೇಲೆ ಪಾಚಿ, ಬಂಡೆ ಮಧ್ಯೆ ಕೆಂಪು ಜೇಡಿ. ಟೈರ್ ಚಡಿಯಲ್ಲಿ ಆ ಜೇಡಿ ತುಂಬಿಕೊಂಡರೆ ಮುಗೀತು. ಅದನ್ನು ಉದುರಿಸಬೇಕಾದರೆ ಚಕ್ರ ಸ್ವಲ್ಪ ಜೋರಾಗಿ ತಿರುಗಲೇಬೇಕು. 6.5 ಹಾಕಿಕೊಂಡು ಕೆಸರಿಗೆ ಇಳಿದರೆ ಚಕ್ರಕ್ಕೆ ಆ ವೇಗವೇ ಸಿಗಲ್ಲ. ಗೇರ್ ಮೇಲೆ ಗೇರ್ ಹಾಕ್ತಾ ಇರಬೇಕು, ಅಷ್ಟರಲ್ಲಿ ಗಾಡಿ ನಿಂತಿರುತ್ತೆ. ಮಲೆನಾಡಿಗೆ, ಕೊಡಗಿಗೆ 4.16 ಅಥವಾ ಬಹಳ ಅಂದರೆ 4.9. ಅದರಾಚೆ ಬೇಡ.

ಇನ್ನೊಂದು, ನಾನಾದರೆ ಗೇರಿಗಿಂತ ಮೊದಲು ಹಿಂದೆ ಲಾಕರ್ (ಎಡ ಬಲ ಚಕ್ರ ಒಟ್ಟಿಗೇ ತಿರುಗೋ ಹಾಗೆ ಡಿಫರೆನ್ಷಿಯಲ್ ಕಟ್ಟಿಹಾಕೋ ಭಾಗ) ಹಾಕಿಸ್ತೇನೆ. ಓಪನ್ ಡಿಫರೆನ್ಷಿಯಲ್ ಇರೋ ಗಾಡಿ ಕಲ್ಲಿನ ಮೇಲೆ ಅಡ್ಡಡ್ಡ ತಿರುಚಿಕೊಂಡಾಗ ಮುಂದೊಂದು, ಹಿಂದೊಂದು ಚಕ್ರ ಗಾಳಿಯಲ್ಲಿ ಇರುತ್ತೆ. ಡಿಫರೆನ್ಷಿಯಲ್ ಎರಡೂ ಕಡೆಗೆ ಸಮ ಟಾರ್ಕ್ ಕೊಡುತ್ತೆ. ಗಾಳಿಯಲ್ಲಿರೋ ಚಕ್ರಕ್ಕೆ ಹಿಡಿತ ಸೊನ್ನೆ, ಹಾಗಾಗಿ ನೆಲದಲ್ಲಿರೋ ಚಕ್ರಕ್ಕೂ ಸೊನ್ನೆಯ ಹತ್ತಿರ. ಕ್ರಾಲ್ ರೇಶಿಯೋ 30 ಇರಲಿ, 300 ಇರಲಿ, ಗಾಡಿ ಅಲ್ಲಾಡಲ್ಲ.

ವೆಲ್ಡ್ ಮಾಡಿಸೋದು ಮಾತ್ರ ಬೇಡ. ಬರೀ ಸ್ಪರ್ಧೆಗೆ ಟ್ರೈಲರ್ ಮೇಲೆ ಬರೋ ಗಾಡಿಗೆ ಸರಿ. ನೀವು ಅದೇ ಗಾಡಿಯಲ್ಲಿ ಪೇಟೆಗೆ ಹೋಗೋರು. ಪ್ರತಿ ತಿರುವಿನಲ್ಲೂ ಟೈರ್ ಎಳೆದಾಡುತ್ತೆ, ಆಕ್ಸಲ್ ಶಾಫ್ಟ್ ಮೇಲೆ ಸದಾ ತಿರುಚು ಇರುತ್ತೆ. ಮಳೆಯಲ್ಲಿ ಘಾಟಿ ತಿರುವಿನಲ್ಲಿ ಹಿಂಭಾಗ ಜಾರಿದರೆ ಯಾರು ಹೊಣೆ?

ಗೇರ್‌ಪೆಟ್ಟಿಗೆ

ಲಾಕರ್ ಬೇಕು ಅನ್ನೋದರಲ್ಲಿ ತಕರಾರಿಲ್ಲ. ಕ್ರಮದಲ್ಲಿ ಮಾತ್ರ ಒಪ್ಪಲಾರೆ. ಮೂಡಿಗೆರೆಯವರ ದೂರನ್ನು ಮತ್ತೆ ಓದಿ. ಅವರ ಚಕ್ರ ಸುಮ್ನೆ ತಿರುಗ್ತಾ ಇಲ್ಲ, ಇಂಜಿನ್ ಆಫ್ ಆಗ್ತಿದೆ, ಕ್ಲಚ್ ಸುಡ್ತಿದೆ, ಗಾಡಿ ನೆಗೀತಿದೆ. ಅದು ಗೇರಿಂಗ್ ರೋಗ. ಈ ಸ್ಥಿತಿಯಲ್ಲಿ ಲಾಕರ್ ಹಾಕಿದರೆ ನೆಗೆದು ಬೀಳುವ ಪೆಟ್ಟೆಲ್ಲ ಒಂದೇ ಆಕ್ಸಲ್ ಶಾಫ್ಟ್ ಮೇಲೆ ಬೀಳುತ್ತೆ.

4.16ರ ಪರವಾಗಿ ಇನ್ನೊಂದು ಮಾತು. ಆ ಸೆಟ್ ಹಾಕಿದ ಮೇಲೆ ಲೋ ಸೆಕೆಂಡ್ ಎಷ್ಟು ಬರುತ್ತೆ? 1.947 × 4.16 × 3.727 = 30.2. ಈಗಿನ ಲೋ ಫಸ್ಟ್ 30.9. ಅಂದರೆ ನಿಮ್ಮ ಈಗಿನ ಫಸ್ಟ್ ಕಳೆದುಹೋಗಲ್ಲ, ಸೆಕೆಂಡ್ ಜಾಗಕ್ಕೆ ಬಂದು ಕೂರುತ್ತೆ. ಅದರ ಕೆಳಗೆ ಹೊಸದೊಂದು ಗೇರ್ ಸಿಕ್ಕ ಹಾಗಾಯ್ತು. ಕೆಸರು ಬಂದರೆ ಸೆಕೆಂಡ್, ಥರ್ಡ್. ಬಂಡೆ ಬಂದರೆ ಫಸ್ಟ್. ಕೊಡಗಿನವರ ಆತಂಕಕ್ಕೂ ಇದೇ ಉತ್ತರ.

ಇಳಿಯುವಾಗಿನ ಅನುಕೂಲವನ್ನು ಯಾರೂ ಹೇಳಲಿಲ್ಲ. ನನಗೆ ಅದೇ ದೊಡ್ಡದು. ಒದ್ದೆ ಬಂಡೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಿ ಜಾರುತ್ತೆ. 56ರ ಫಸ್ಟ್‌ನಲ್ಲಿ ಇಂಜಿನ್ನೇ ಹಿಡಿದುಕೊಂಡು ಇಳಿಸುತ್ತೆ. ಹತ್ತಲಾಗದೆ ಅರ್ಧದಲ್ಲಿ ನಿಂತರೆ ರಿವರ್ಸ್ ಹಾಕಿ, ಬ್ರೇಕ್ ಮುಟ್ಟದೇ ಹಿಂದಕ್ಕೆ ಬರಬಹುದು.

ಹಾಸನ_ಗ್ಯಾರೇಜ್

ನಾನು ಓದಿದವನಲ್ಲ, ಸ್ಪ್ಯಾನರ್ ಹಿಡಿದವನು. ಬಿಚ್ಚೋ ಕೆಲಸದ ಬಗ್ಗೆ ಹೇಳ್ತೀನಿ.

ಕೇಸ್ ಇಳಿಸೋದು ಕಷ್ಟವಲ್ಲ. ಆಯಿಲ್ ಬಸಿದು, ಮೂರೂ ಶಾಫ್ಟ್ ಬಿಚ್ಚಿ (ಗಿಡ್ಡದು, ಮುಂದಿನದು, ಹಿಂದಿನದು), ಮೀಟರ್ ಕೇಬಲ್, ಫೋರ್ ವೀಲ್ ಸ್ವಿಚ್ಚಿನ ವೈರ್, ಲಿವರ್ ತೆಗೆದರೆ ಉಳಿಯೋದು ಮೂರು ಫೌಂಡೇಶನ್ ಬ್ರಾಕೆಟ್. ಶಾಫ್ಟ್ ಬಿಚ್ಚೋ ಮೊದಲು ಫ್ಲ್ಯಾಂಜ್ ಮೇಲೆ ಗುರುತು ಹಾಕಿಕೊಳ್ಳಿ. ಇದ್ದ ಹಾಗೇ ಕೂರಿಸದಿದ್ದರೆ ಆಮೇಲೆ ನಡುಕ ಬರುತ್ತೆ.

ಒಳಗೆ ಇಣುಕಿದ ಮೇಲೆ ಬರೀ ಗೇರ್ ಬದಲಿಸಿ ಮುಚ್ಚೋದು ಬೇಡ. ಬೇರಿಂಗ್, ಆಯಿಲ್ ಸೀಲ್ ಎಲ್ಲ ಹೊಸದು ಹಾಕಿ. ಹಳೇ ಬೇರಿಂಗ್ ಮೇಲೆ ಹೊಸ ಗೇರ್ ಕೂರಿಸಿದರೆ ಹಲ್ಲು ಸರಿಯಾಗಿ ಕೂಡಲ್ಲ, ಕುಯ್ ಅಂತ ಕೂಗೋಕೆ ಶುರು ಮಾಡುತ್ತೆ. 4.9, 6.5ರಂಥ ದೊಡ್ಡ ಸೆಟ್ ಆದರೆ ಕೇಸಿನ ಒಳಗೋಡೆಯನ್ನು ಸ್ವಲ್ಪ ಗ್ರೈಂಡ್ ಮಾಡಬೇಕಾಗುತ್ತೆ. ಗೇರಿನ ಸುತ್ತಳತೆ ದೊಡ್ಡದು, ಇಲ್ಲದಿದ್ದರೆ ತಾಗುತ್ತೆ. ಗ್ರೈಂಡ್ ಮಾಡಿದ ಮೇಲೆ ಅಲ್ಯೂಮಿನಿಯಂ ಪುಡಿ ಒಂದು ಚೂರೂ ಉಳಿಯದ ಹಾಗೆ ತೊಳೀಬೇಕು. ಬೇರಿಂಗಿಗೆ ಅದು ವಿಷ. ಮುಚ್ಚೋ ಮೊದಲು ಕೈಯಲ್ಲೇ ಇನ್‌ಪುಟ್ ತಿರುಗಿಸಿ ಹೈ, ಲೋ ಎರಡರಲ್ಲೂ ಎಲ್ಲಾದರೂ ತಡೆಯುತ್ತಾ ನೋಡಿ.

ಈಗ ಮುಖ್ಯ ವಿಷಯ, ಫೌಂಡೇಶನ್ ರಬ್ಬರ್. ಆ ಕೇಸ್ ನಿಂತಿರೋದು ಮೂರು ರಬ್ಬರ್ ಮೇಲೆ. ಲೋ ಇಳಿಸಿದಷ್ಟೂ ಕೇಸು ತಾನೇ ತಿರುಚಿಕೊಳ್ಳೋಕೆ ನೋಡುತ್ತೆ. ಇಂಜಿನ್ ಕೊಡೋ ತಿರುವಿಗೂ ಶಾಫ್ಟಿಗೆ ಹೋಗೋ ತಿರುವಿಗೂ ಇರೋ ವ್ಯತ್ಯಾಸ ಪೂರ್ತಿ ಈ ಮೂರು ರಬ್ಬರ್ ಹೊರಬೇಕು. ನಮ್ಮಲ್ಲಿಗೆ ಬಂದ ಒಂದು ಗಾಡಿಯಲ್ಲಿ ಕೇಸ್ ಎಷ್ಟು ತಿರುಚಿಕೊಂಡಿತ್ತು ಅಂದರೆ ಗಿಡ್ಡ ಶಾಫ್ಟಿನ ಕ್ರಾಸ್ (ಶಾಫ್ಟ್ ತುದಿಯ ಕೀಲು) ಒಂದು ಕಡೆ ಪೂರ್ತಿ ತಿಂದುಹೋಗಿತ್ತು, ಬ್ರಾಕೆಟ್ ಬೇರಲ್ಲೇ ಬಿರುಕು. ಗೇರ್ ಸೆಟ್ ಮಾತ್ರ ಹೊಸದರ ಹಾಗೆ ಹೊಳೀತಿತ್ತು! ಅದಕ್ಕೇ ಹೇಳೋದು, ಗೇರ್ ಹಾಕುವ ದಿನವೇ ಕೇಸಿನ ಅಡಿಗೆ ಗಟ್ಟಿ ತೊಟ್ಟಿಲು ಮಾಡಿಸಿ. ಎರಡೂ ಚಾಸಿಸ್ ರೈಲಿಗೆ ಹಿಡಿಯೋ ಅಡ್ಡಪಟ್ಟಿ, ಅದರ ಮೇಲೆ ಗಟ್ಟಿ ಬುಶ್. ಕೆಳಗೆ ದಪ್ಪ ತಗಡು ಕೊಟ್ಟರೆ ಕಲ್ಲಿನ ಪೆಟ್ಟಿಗೂ ಆಯ್ತು.

ಕೇಸಿಗೆ ಹಿಡಿಯೋದು ಬರೀ 0.8 ಲೀಟರ್ ಆಯಿಲ್. ಕಡಿದಾದ ಏರಿನಲ್ಲಿ ಅದೆಲ್ಲ ಹಿಂದಕ್ಕೆ ಸರಿಯುತ್ತೆ. ಸೀಲ್ ಒಸರ್ತಾ ಇದ್ದರೆ ನಾಳೆ ನೋಡೋಣ ಅನ್ನಬೇಡಿ.

ಕೆಂಪು_ಥಾರ್

ಮಧ್ಯೆ ಬಾಯಿ ಹಾಕ್ತಿದ್ದೇನೆ. 2020ರ ನಂತರದ ಥಾರ್‌ಗೂ ಇದೆಲ್ಲ ಬೇಕಾ? ನನ್ನದರಲ್ಲಿ ಹಿಂದೆ ಮೆಕ್ಯಾನಿಕಲ್ ಲಾಕಿಂಗ್ ಇದೆ. ಕಲ್ಲಿನ ಮೇಲೆ ಒಂದು ಚಕ್ರ ಸ್ವಲ್ಪ ಸುತ್ತಿದ ಮೇಲೆ ದಢಕ್ ಅಂತ ಹಿಡಿಯುತ್ತೆ. ಆ ಶಬ್ದ ಕೇಳಿ ಹೆದರಿಕೆ ಆಗುತ್ತೆ.

ಕೊಡಗು_ಕಲ್ಲುದಾರಿ

ಅದರ ಕೆಲಸವೇ ಹಾಗೆ ಬ್ರದರ್. ಎರಡು ಚಕ್ರಗಳ ವೇಗದ ವ್ಯತ್ಯಾಸ ಸುಮಾರು 100 ಆರ್‌ಪಿಎಂ ಆದಾಗ ಒಳಗಿನ ತೂಕದ ಕೊಂಡಿ ಹೊರಗೆ ಚಿಮ್ಮಿ ಲಾಕ್ ಮಾಡುತ್ತೆ. ಗಂಟೆಗೆ 30 ಕಿಮೀ ದಾಟಿದರೆ ಲಾಕ್ ಆಗೋದೇ ಇಲ್ಲ. ಸ್ವಿಚ್ ಇಲ್ಲ, ಕಂಪ್ರೆಸರ್ ಇಲ್ಲ, ದಿನಬಳಕೆಗೆ ಬಹಳ ಒಳ್ಳೇದು. ಆದರೆ ನಿಧಾನಕ್ಕೆ ಹತ್ತುವವರಿಗೆ ಒಂದು ಕೊರತೆ ಇದೆ: ಮೊದಲು ಚಕ್ರ ಸುತ್ತಬೇಕು, ಆಮೇಲೆ ಹಿಡಿತ. ಹಾಗಾಗಿ ಕಲ್ಲಿಗೆ ಚಕ್ರ ಮುಟ್ಟಿಸಿ, ಒಂದು ಚಕ್ರ ಎತ್ತಿದ್ದು ಗೊತ್ತಾದ ಕೂಡಲೇ ಹದವಾಗಿ ರೇಸ್ ಕೊಟ್ಟು ಲಾಕ್ ಮಾಡಿಸಿಕೊಳ್ಳಿ. ಶಬ್ದ ಕೇಳಿದ ಮೇಲೆ ಕಾಲು ಹಗುರ ಮಾಡಿ. ಪೂರ್ತಿ ರೇಸ್‌ನಲ್ಲಿ ಸುತ್ತುತ್ತಿರುವಾಗ ಲಾಕ್ ಆದರೆ ಆ ಪೆಟ್ಟು ಶಾಫ್ಟಿಗೆ. ನಿಮ್ಮದು ಡೀಸೆಲ್ ಆದರೆ ಕೆಳಗಿನ ಎಳೆತವೂ ಇದೆ. ಸದ್ಯಕ್ಕೆ ಬೇರೇನೂ ಹಾಕಬೇಡಿ, ಟೈರ್ ಗಾಳಿ ಇಳಿಸಿ ಓಡಿಸಿ ನೋಡಿ.

ಜಿಮ್ನಿ_ಹುಬ್ಬಳ್ಳಿ

ಜಿಮ್ನಿ ಬಗ್ಗೆನೂ ಒಂದು ಮಾತು ರೀ. ಮ್ಯಾನ್ಯುಯಲ್‌ನಲ್ಲಿ ಫಸ್ಟ್ 4.425, ಲೋ 2.002, ಕ್ರೌನ್ ಪಿನಿಯನ್ 4.09. ಒಟ್ಟು 36. ಜಿಪ್ಸಿಗಿಂತ ಮೇಲು. ಚಕ್ರ ಎತ್ತಿದರೆ ಬ್ರೇಕ್ ತಾನೇ ಆ ಚಕ್ರವನ್ನು ಹಿಡಿದು ಇನ್ನೊಂದಕ್ಕೆ ಶಕ್ತಿ ಕಳಿಸುತ್ತದೆ. ಲೋ ರೇಂಜಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಮ್ಮ ಕಡೆ ಕಲ್ಲು ಒಣ, ನನಗೆ ಸಾಕಾಗಿದೆ. ದೊಡ್ಡ ಟೈರ್ ಹಾಕೋ ತನಕ ಗೇರ್ ಮುಟ್ಟಲ್ಲ.

ಮೂಡಿಗೆರೆ_ಜಿಪ್ಸಿ

4.16 ಅಂತ ಮನಸ್ಸು ಮಾಡಿದ್ದೇನೆ. ಒಂದೇ ಅಳುಕು. ಟಾರ್ಕ್ ಸುಮಾರು ಎರಡು ಪಟ್ಟು ಆಗುತ್ತೆ ಅಲ್ವಾ? ಆಕ್ಸಲ್ ಶಾಫ್ಟ್ ತಡೆಯುತ್ತಾ?

ಗೇರ್‌ಪೆಟ್ಟಿಗೆ

ಎಲ್ಲರಿಗೂ ಬರೋ ಪ್ರಶ್ನೆ ಇದು. ಸ್ವಲ್ಪ ತಾಳ್ಮೆಯಿಂದ ನೋಡೋಣ.

ಮೊದಲು, ಹೆಚ್ಚಿನ ಟಾರ್ಕ್ ಎಲ್ಲಿ ಹಾದುಹೋಗುತ್ತೆ? ಇಂಜಿನ್, ಕ್ಲಚ್, ಗೇರ್‌ಬಾಕ್ಸ್, ಗಿಡ್ಡ ಶಾಫ್ಟ್ ಇವೆಲ್ಲ ಟ್ರಾನ್ಸ್‌ಫರ್ ಕೇಸಿಗಿಂತ ಮೊದಲು ಬರುತ್ತವೆ. ಅವಕ್ಕೆ ಒಂದು ಚೂರೂ ಹೊರೆ ಹೆಚ್ಚಲ್ಲ. ಕ್ಲಚ್ಚಿಗಂತೂ ಹೊರೆ ಇಳಿಯುತ್ತೆ. ಕೇಸಿನ ನಂತರದ್ದು ನೋಡಿ: ಮುಂದಿನ ಹಿಂದಿನ ಪ್ರೊಪೆಲ್ಲರ್ ಶಾಫ್ಟ್, ಕ್ರಾಸ್, ಕ್ರೌನ್ ಪಿನಿಯನ್, ಆಕ್ಸಲ್ ಶಾಫ್ಟ್, ಮುಂದಿನ ಸಿವಿ ಜಾಯಿಂಟ್ (ಸ್ಟೇರಿಂಗ್ ತಿರುಗಿದಾಗಲೂ ಚಕ್ರಕ್ಕೆ ಶಕ್ತಿ ಒಯ್ಯೋ ಕೀಲು). ಅಳುಕು ಇವುಗಳ ಬಗ್ಗೆ.

ಆದರೆ ಶಾಫ್ಟಿಗೆ ಬೀಳೋ ಟಾರ್ಕನ್ನು ನಿರ್ಧರಿಸೋದು ಟೈರಿನ ಹಿಡಿತ. ಟೈರ್ ಜಾರಿದ ಮೇಲೆ ಶಾಫ್ಟಿಗೆ ಅದಕ್ಕಿಂತ ಹೆಚ್ಚು ಹೊರೆ ಬೀಳಲ್ಲ. ಒಂದು ಅಂದಾಜು ಹಾಕೋಣ. ಏರಿನಲ್ಲಿ ಹಿಂದಿನ ಒಂದೇ ಚಕ್ರದ ಮೇಲೆ 450 ಕೆಜಿ ಭಾರ ಬಿತ್ತು ಅನ್ನಿ. ಒಣ ಬಂಡೆ, ಹಿಡಿತ 0.8. ಗಾಳಿ ಇಳಿಸಿದ ಟೈರಿನ ತ್ರಿಜ್ಯ 0.37 ಮೀಟರ್. ಲೆಕ್ಕ ಹಾಕಿದರೆ ಸುಮಾರು 1300 ನ್ಯೂಟನ್ ಮೀಟರ್. ಅದಕ್ಕಿಂತ ಜಾಸ್ತಿ ಕೊಟ್ಟರೆ ಟೈರ್ ಜಾರುತ್ತೆ. ಈಗ ನಿಮ್ಮ ಕಂಪನಿ ಗೇರಿನಲ್ಲೇ ಪೂರ್ತಿ ರೇಸ್ ಕೊಟ್ಟರೆ 103 × 30.9, ಅಂದರೆ 3180. ಎರಡು ಆಕ್ಸಲ್‌ಗೆ ಹಂಚಿದರೂ ಒಂದೊಂದಕ್ಕೆ 1590. ಲಾಕ್ ಆದ ಆಕ್ಸಲ್‌ನಲ್ಲಿ ಅದಷ್ಟೂ ಒಂದೇ ಚಕ್ರಕ್ಕೆ ಬಂದರೆ ಟೈರ್ ಜಾರಿಸೋ ಶಕ್ತಿ ಈಗಾಗಲೇ ಇದೆ. 4.16 ಬಂದ ಮೇಲೂ ಟೈರ್ ಮಿತಿ ಅಷ್ಟೇ ಇರುತ್ತೆ. ಜಿಪ್ಸಿ ಕಲ್ಲಿನ ಮೇಲೆ ಬದುಕೋದಕ್ಕೆ ಅದರ ಹಗುರ ಮೈಯೇ ಕಾರಣ. ಸಾಫ್ಟ್ ಟಾಪ್ ಗಾಡಿ ಸುಮಾರು 985 ಕೆಜಿ.

ಶಾಫ್ಟ್ ಮುರಿಯೋದು ಬಹುಪಾಲು ಪೆಟ್ಟಿನಿಂದ. ಗಾಳಿಯಲ್ಲಿ ಜೋರಾಗಿ ಸುತ್ತುತ್ತಿದ್ದ ಚಕ್ರ ದಡಕ್ಕನೆ ಕಲ್ಲಿಗೆ ಇಳಿದಾಗ. ನಿಧಾನಕ್ಕೆ ಹೋದರೆ ಆ ಪೆಟ್ಟೇ ಇಲ್ಲ.

ಹಾಸನ_ಗ್ಯಾರೇಜ್

ಲೆಕ್ಕ ಒಪ್ಪಿದೆ ಸರ್, ಒಂದು ಸೇರಿಸ್ತೀನಿ. ಚಕ್ರ ಎರಡು ಕಲ್ಲಿನ ಸಂದಿಗೆ ಸಿಕ್ಕಿಹಾಕಿಕೊಂಡರೆ? ಅದು ಜಾರೋ ಹಾಗಿಲ್ಲ, ತಿರುಗೋ ಹಾಗೂ ಇಲ್ಲ. ಆಗ ಗೇರಿನ ಪೂರ್ತಿ ಶಕ್ತಿ ಶಾಫ್ಟಿಗೇ ಬೀಳುತ್ತೆ. ಮೊದಲಾಗಿದ್ದರೆ ಇಂಜಿನ್ ಆಫ್ ಆಗಿ ಗಾಡಿ ಉಳೀತಿತ್ತು. ಹೊಸ ಗೇರಲ್ಲಿ ಇಂಜಿನ್ ಆಫ್ ಆಗಲ್ಲ, ಶಾಫ್ಟ್ ಹೋಗುತ್ತೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಸಿವಿ ಜಾಯಿಂಟ್ ತುಂಬಾ ಬಡವಾಗಿರುತ್ತೆ. ಆ ಹೊತ್ತಿನಲ್ಲಿ ರೇಸ್ ಕೊಡಬೇಡಿ. ಗಾಡಿ ಮುಂದೆ ಹೋಗಲ್ಲ ಅನ್ನಿಸಿದರೆ ನಿಲ್ಲಿಸಿ, ಅರ್ಧ ಅಡಿ ಹಿಂದೆ ಬನ್ನಿ, ಸ್ಟೇರಿಂಗ್ ಸ್ವಲ್ಪ ನೇರ ಮಾಡಿಕೊಂಡು ಮತ್ತೆ ನೋಡಿ.

ಗುಜರಿಯಲ್ಲಿ ಸಿಗೋ ಒಳ್ಳೇ ಶಾಫ್ಟ್, ಜಾಯಿಂಟ್ ಒಂದೊಂದು ತಂದಿಟ್ಟುಕೊಳ್ಳಿ. ಎರಡು ಕ್ರಾಸ್ ಗಾಡಿಯಲ್ಲೇ ಇರಲಿ.

ಹಳೇಜೀಪು_ಶಿವಮೊಗ್ಗ

ಹೊರದೇಶದಿಂದ ಸೆಟ್ ತರಿಸೋದು ದುಬಾರಿ ಆದರೆ ಇನ್ನೊಂದು ದಾರಿ ಇದೆ. ಹಳೇ 970 ಸಿಸಿ ಜಿಪ್ಸಿಯ ಕೇಸ್ ಗುಜರಿಯಲ್ಲಿ ಹುಡುಕಿ. ಅದರ ಲೋ ಕಿಂಗ್‌ಗಿಂತ ಕೆಳಗಿದೆ ಅಂತ ಹಳಬರು ಹೇಳ್ತಾರೆ.

ಸ್ಯಾಕ್ರಮೆಂಟೊ_ಕನ್ನಡಿಗ

ಹೌದು, ಆ 970 ಸಿಸಿ ಗಾಡಿಯ, ಅಂದರೆ ಎಸ್‌ಜೆ410 ಕುಟುಂಬದ ಕೇಸ್ ಹೈ 1.580, ಲೋ 2.511. ನಿಮ್ಮದು 1.409 ಮತ್ತು 2.268. ಹಾಕಿದರೆ ಒಟ್ಟು 34 ಆಗುತ್ತೆ. ದೊಡ್ಡ ಟೈರ್ ತಿಂದುಹಾಕಿದ್ದನ್ನು ವಾಪಸ್ ತಂದುಕೊಡುತ್ತೆ. ಕಡಿಮೆ ಖರ್ಚಿಗೆ ಒಳ್ಳೇ ಕೆಲಸ, ಆದರೆ ಗಂಟೆಗೆ 2 ಕಿಮೀ ಸಿಗಲ್ಲ. ಫ್ಲ್ಯಾಂಜ್ ಬೋಲ್ಟ್ ತೂತುಗಳು ಹೊಂದುತ್ತವಾ ಅಂತ ದುಡ್ಡು ಕೊಡೋ ಮೊದಲೇ ಅಳೆದು ನೋಡಿ.

ತುಮಕೂರು_ವಕೀಲ

ಕಾನೂನಿನ ಮಾತು ಯಾರೂ ಆಡಲಿಲ್ಲ, ಅದಕ್ಕೆ ಬರೀತಿದ್ದೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. ಪೆಟ್ರೋಲ್ ಗಾಡಿಗೆ ಡೀಸೆಲ್ ಇಂಜಿನ್ ಕೂರಿಸಿದರೆ ಆರ್‌ಸಿಯಲ್ಲಿರೋ ಇಂಧನ, ಇಂಜಿನ್ ನಂಬರ್ ಎರಡೂ ಬದಲಾಗುತ್ತವೆ. ಅನುಮತಿ ಇಲ್ಲದೆ ಅದಕ್ಕೆ ಕೈ ಹಾಕಬೇಡಿ, ಅಪಘಾತ ಆದರೆ ವಿಮೆಗೂ ತೊಂದರೆ. ಟೈರ್, ಎತ್ತರದ ಬಗ್ಗೆಯೂ ಆರ್‌ಟಿಒದಲ್ಲಿ ಕೇಳಿಕೊಂಡು ಮುಂದುವರಿಯಿರಿ. ನಿಮ್ಮ ಗುಡ್ಡದ ದಾರಿ ಮೀಸಲು ಅರಣ್ಯದ ಗಡಿ ಮುಟ್ಟದ ಹಾಗೆ ನೋಡಿಕೊಳ್ಳಿ.

ಮೂಡಿಗೆರೆ_ಜಿಪ್ಸಿ

ಎಲ್ಲರಿಗೂ ಮನಸಾರೆ ಧನ್ಯವಾದ. ಡೀಸೆಲ್ ಇಂಜಿನ್ ಕೈಬಿಟ್ಟೆ, ವೆಲ್ಡಿಂಗೂ ಬೇಡ. ಮೊದಲು 4.16 ಸೆಟ್, ಅದರ ಜೊತೆಗೇ ಬೇರಿಂಗ್, ಸೀಲ್ ಮತ್ತು ಕೇಸಿನ ತೊಟ್ಟಿಲು. ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿದರೂ ಇಂಜಿನ್ ಬದಲಿಸೋದಕ್ಕಿಂತ ಕಡಿಮೆಯೇ ಬೀಳುತ್ತೆ. ಒಂದು ಮಳೆಗಾಲ ಹಾಗೇ ಓಡಿಸಿ ನೋಡಿ, ಆಮೇಲೆ ಹಿಂದೆ ಲಾಕರ್. ಗಾಳಿಯಿಂದ ಲಾಕ್ ಆಗೋದು ತಗೊಳ್ಳಲಾ, ಆಟೋಮ್ಯಾಟಿಕ್ಕಾ?

ಕೊಡಗು_ಕಲ್ಲುದಾರಿ

ಕೈಗೆ ಎಟುಕಿದರೆ ಗಾಳಿಯದ್ದೇ ತಗೊಳ್ಳಿ. ಬೇಕಾದಾಗ ಲಾಕ್, ಬೇಡವಾದಾಗ ಓಪನ್. ಆಟೋಮ್ಯಾಟಿಕ್ ಅಗ್ಗ, ಗಟ್ಟಿ, ಆದರೆ ಒದ್ದೆ ಘಾಟಿ ರಸ್ತೆಯಲ್ಲಿ ತಿರುವಿನ ಮಧ್ಯೆ ಹಿಡಿದು ಬಿಡೋದು ಮಾಡುತ್ತೆ. ಜಿಪ್ಸಿಯಂಥ ಗಿಡ್ಡ ಗಾಡಿಗೆ ಅದು ಒಳ್ಳೇದಲ್ಲ. ಅಲ್ಲೀತನಕ ಟೈರ್ ಗಾಳಿಯನ್ನು 15 ಪಿಎಸ್‌ಐವರೆಗೆ ಇಳಿಸಿ ಹತ್ತಿ ನೋಡಿ. ಟೈರ್ ಕಲ್ಲನ್ನು ತಬ್ಬಿಕೊಂಡು ಹೋಗುತ್ತೆ. ಕೆಳಗೆ ಬಂದ ಮೇಲೆ ಮತ್ತೆ ತುಂಬಿಸದೆ ರಸ್ತೆಗೆ ಇಳಿಯಬೇಡಿ.

ಹಾಸನ_ಗ್ಯಾರೇಜ್

ಸೆಟ್ ಬಂದ ಮೇಲೆ ಹೇಳಿ ಅಣ್ಣ, ನಾನೇ ಬರ್ತೀನಿ, ಹಾಸನದಿಂದ ಮೂಡಿಗೆರೆ ಏನು ದೂರ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಗಾಡಿಯನ್ನು ಏರಿನ ಬುಡದಲ್ಲಿ ಕಲ್ಲಿಗೆ ಒತ್ತಿ ನಿಲ್ಲಿಸಿ, ಯಾರಾದರೂ ಲೋ ಫಸ್ಟ್‌ನಲ್ಲಿ ನಿಧಾನಕ್ಕೆ ಕ್ಲಚ್ ಬಿಡಲಿ. ನೀವು ಬದಿಗೆ ದೂರ ನಿಂತು ಟಾರ್ಚ್ ಹಿಡಿದು ಟ್ರಾನ್ಸ್‌ಫರ್ ಕೇಸ್ ನೋಡಿ. ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಈಗಲೇ ಕೇಸ್ ಕಣ್ಣಿಗೆ ಕಾಣೋ ಹಾಗೆ ತಿರುಚಿಕೊಂಡರೆ ರಬ್ಬರ್ ಹೋಗಿದೆ ಅಂತ. ಹಾಗಿದ್ದರೆ ಗೇರ್ ಬರೋ ತನಕ ಕಾಯಬೇಡಿ, ತೊಟ್ಟಿಲು ಈಗಲೇ ಮಾಡಿಸೋಣ. ನೋಡಿ ಇಲ್ಲೇ ಬರೆಯಿರಿ.